ಹಂಗು, ಮುಲಾಜು, ಭಿಡೆ: ಸಮ್ಮಿಶ್ರ ಸರ್ಕಾರದ ಸಣ್ಣ ಪಕ್ಷಕ್ಕೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ 2010–15ರ ಸಮ್ಮಿಶ್ರ ಸರ್ಕಾರದ ಮೇಲಿನ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಕ್ಯಾಮರನ್ ಅವರ ಕನ್ಸರ್ವೇಟಿವ್ ಪಕ್ಷದ ಜೊತೆ ಸೇರಿದ ಲಿಬರಲ್ ಡೆಮಾಕ್ರಾಟರನ್ನು ಮೂಲದಲ್ಲಿ ‘ಜೂನಿಯರ್ ಪಾರ್ಟ್ನರ್’ ಎಂದಿದೆ. ‘ಕಿರಿಯ ಪಾಲುದಾರ’ ಅಂತ ಬರೆದೆ, ಓದಿದೆ, ಹೊಡೆದು ಹಾಕಿದೆ. ಅಕ್ಕಿ ಮಂಡಿಗೆ ಅಣ್ಣನ ಜೊತೆ ತಮ್ಮನೂ ಬಂಡವಾಳ ಹಾಕಿದ ಹಾಗೆ ಕೇಳಿಸುತ್ತದೆ. ಮಂಡಿಯಲ್ಲಾದರೆ ಲಾಭ ನಷ್ಟ ಎರಡೂ ಪಾಲಿನ ಪ್ರಕಾರ. ಅಲ್ಲಿ ಆದದ್ದು ಬೇರೆ. 57 ಸ್ಥಾನವಿದ್ದ ಲಿಬರಲ್ ಡೆಮಾಕ್ರಾಟರು 2015ರಲ್ಲಿ 8ಕ್ಕೆ ಇಳಿದರು, ದೊಡ್ಡ ಪಕ್ಷಕ್ಕೆ ಸ್ವಂತ ಬಹುಮತವೇ ಬಂತು. ಐದು ವರ್ಷ ಇಬ್ಬರೂ ಸೇರಿ ಮಾಡಿದ್ದರ ಸಿಟ್ಟನ್ನೆಲ್ಲ ಜನ ಸಣ್ಣವರ ಮೇಲೆ ತೀರಿಸಿಕೊಂಡರು. ಇದು ‘ಪಾಲು’ ಹೇಗಾದೀತು?

ನಮ್ಮಲ್ಲೇ ಪದ ಇರಬೇಕಲ್ಲ ಎಂದು ಹುಡುಕಿದಾಗ ನೆನಪಾದದ್ದು 2018ರ ಮೇ ತಿಂಗಳು. 37 ಶಾಸಕರ ಜೆಡಿಎಸ್‌ಗೆ ಮುಖ್ಯಮಂತ್ರಿ ಸ್ಥಾನ, ಅದರ ಎರಡು ಪಟ್ಟಿಗೂ ಹೆಚ್ಚು ಶಾಸಕರಿದ್ದ ಕಾಂಗ್ರೆಸ್ಸಿನ ಬೆಂಬಲ. ಸಾಲಮನ್ನಾ ಯಾವಾಗ ಎಂದು ಕೇಳಿದವರಿಗೆ ಕುಮಾರಸ್ವಾಮಿ, ತಾನು ಕಾಂಗ್ರೆಸ್ಸಿನ ಮುಲಾಜಿನಲ್ಲಿದ್ದೇನೆ, ರಾಜ್ಯದ ಆರೂವರೆ ಕೋಟಿ ಜನರ ಮುಲಾಜಿನಲ್ಲಲ್ಲ ಎಂಬರ್ಥದ ಮಾತಾಡಿ ಗದ್ದಲವಾಗಿತ್ತು. ಅದೇ ಮಾತನ್ನು ಹೇಳುವಾಗ ಕೆಲವರು ‘ಮುಲಾಜು’ ಎಂದರು, ಕೆಲವರು ‘ಹಂಗು’ ಎಂದರು. ಆಗ ಎರಡೂ ಒಂದೇ ಅಂತ ನಾನೂ ಅಂದುಕೊಂಡಿದ್ದೆ. ಈಗ ಹಾಗನ್ನಿಸುತ್ತಿಲ್ಲ.

‘ಮುಲಾಜು’ ಅರಬ್ಬಿ ಮೂಲದ ‘ಮುಲಾಹಿಜಾ’ದಿಂದ ಬಂದದ್ದು, ಗಮನಿಸುವುದು, ಲಕ್ಷ್ಯ ಕೊಡುವುದು ಅದರ ಹಳೆಯ ಅರ್ಥ. ನಮ್ಮಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಇಲ್ಲವಾದಾಗ: ‘ಯಾವುದೇ ಮುಲಾಜಿಲ್ಲದೆ ಕ್ರಮ ಕೈಗೊಳ್ಳಿ’. ಅಂದರೆ ಬೇಕೆಂದಾಗ ಕೊಡವಿಕೊಳ್ಳಬಹುದಾದ್ದು. ಹಂಗನ್ನು ಹಾಗೆ ಕೊಡವಲಾಗದು. ಕೊಟ್ಟವನು ಕೊಟ್ಟಾಗಿದೆ, ಉಂಡವನು ಉಂಡಾಗಿದೆ. ಹಂಗಿನ ಕೂಳು, ಹಂಗಿನರಮನೆ ಎನ್ನುತ್ತೇವೆಯೇ ಹೊರತು ಮುಲಾಜಿನ ಕೂಳು ಎಂದು ಯಾರೂ ಅನ್ನುವುದಿಲ್ಲ. ಇನ್ನೊಂದು ಗಮನಿಸಿ: ಹಂಗಿನಿಂದ ‘ಹಂಗಿಸು’ ಎಂಬ ಕ್ರಿಯಾಪದ ಹುಟ್ಟುತ್ತದೆ. ಮಾಡಿದ ಉಪಕಾರವನ್ನು ಎತ್ತಿ ಎತ್ತಿ ಆಡುವುದು. ಮುಲಾಜಿಗೆ ಇಂಥ ಸಂತಾನವಿಲ್ಲ. ಆ ಸರ್ಕಾರ ಇದ್ದಷ್ಟು ದಿನ ನಡೆದದ್ದು ಬಹುಪಾಲು ಈ ಕ್ರಿಯಾಪದವೇ. ಮುಖ್ಯಮಂತ್ರಿ ತನ್ನನ್ನು ವಿಷಕಂಠನಿಗೆ ಹೋಲಿಸಿಕೊಂಡು ವೇದಿಕೆಯ ಮೇಲೆ ಕಣ್ಣೀರು ಹಾಕಿದ್ದು ಪ್ರಮಾಣವಚನವಾಗಿ ಎರಡು ತಿಂಗಳು ತುಂಬುವ ಮೊದಲೇ.

ಹಾಗಾದರೆ ನನ್ನ ಊಹೆ ಹೀಗೆ. ಸಂಖ್ಯೆ ಬೇಕಾಗಿರುವಷ್ಟು ದಿನ ದೊಡ್ಡ ಪಕ್ಷಕ್ಕೆ ಸಣ್ಣದರ ಮುಲಾಜಿರುತ್ತದೆ. ಸಣ್ಣದಕ್ಕೆ ದೊಡ್ಡದರ ಹಂಗಿರುತ್ತದೆ. ಸಂಖ್ಯೆಯ ಅಗತ್ಯ ತಪ್ಪಿದ ದಿನ ಮುಲಾಜು ಹೋಗುತ್ತದೆ, ಹಂಗಿನ ಹೆಸರು ಮಾತ್ರ ಉಳಿಯುತ್ತದೆ. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗಲೂ ಹೀಗೇ ಅಲ್ಲವೇ? ಜನತಾದಳಕ್ಕೆ ಲೋಕಸಭೆಯಲ್ಲಿ ಐವತ್ತು ಸ್ಥಾನವೂ ಇರಲಿಲ್ಲ. ಹೊರಗಿನಿಂದ ಬೆಂಬಲ ಕೊಟ್ಟ ಕಾಂಗ್ರೆಸ್ಸಿಗೆ ನೂರಮೂವತ್ತಕ್ಕೂ ಹೆಚ್ಚು. ಹನ್ನೊಂದು ತಿಂಗಳೊಳಗೆ ಮುಗಿಯಿತು. (ಮಂತ್ರಿಗಿರಿ ಬೇಡ, ಬರೀ ಬೆಂಬಲ ಕೊಡುತ್ತೇವೆ ಎನ್ನುವವರು ಹಂಗಿಸುವ ಹಕ್ಕನ್ನು ಪೂರ್ತಿ ಇಟ್ಟುಕೊಂಡು, ಆಡಳಿತದ ಹೊಣೆಯನ್ನು ಮಾತ್ರ ಬಾಗಿಲ ಹೊರಗೆ ಬಿಟ್ಟಿರುತ್ತಾರೆ. ‘ಬಾಹ್ಯ ಬೆಂಬಲ’ ಎಂಬ ಪದದಲ್ಲಿ ಇದ್ಯಾವುದೂ ಕಾಣುವುದಿಲ್ಲ.)

ಎರಡನೆಯ ತೊಡಕು ‘ವಚನಭ್ರಷ್ಟ’. 2007ರ ಅಕ್ಟೋಬರಿನಲ್ಲಿ, ತಲಾ ಇಪ್ಪತ್ತು ತಿಂಗಳ ಒಪ್ಪಂದದಂತೆ ಜೆಡಿಎಸ್ ಜೊತೆಗಾರ ಬಿಜೆಪಿಗೆ ಅಧಿಕಾರ ಬಿಟ್ಟುಕೊಡದೆ ಹೋದಾಗ ಈ ಪದ ಬೀದಿ ಬೀದಿಗೆ ಇಳಿಯಿತು. ನಮ್ಮ ಪಕ್ಕದ ಮನೆಯ ಹುಡುಗ ಗೋಲಿ ಆಟದಲ್ಲಿ ಜಗಳವಾದಾಗ ಅದನ್ನೇ ಬಯ್ಯಲು ಬಳಸಿದ್ದು ನೆನಪಿದೆ. ಮುಂದಿನ ಚುನಾವಣೆಯಲ್ಲಿ ಆ ಪಕ್ಷ 58ರಿಂದ 28ಕ್ಕೆ ಬಂತು. ಲಿಬರಲ್ ಡೆಮಾಕ್ರಾಟರಿಗೂ ಇದೇ ಪದ ಹಾಕೋಣವೆಂದುಕೊಂಡೆ. ವಿಶ್ವವಿದ್ಯಾಲಯದ ಶುಲ್ಕ ಏರಿಸಲು ಬಿಡೆವು ಎಂದು ಸಹಿ ಹಾಕಿ ಗೆದ್ದವರು, 2010ರ ಡಿಸೆಂಬರಿನಲ್ಲಿ ಅದನ್ನು ವರ್ಷಕ್ಕೆ 9,000 ಪೌಂಡಿನವರೆಗೆ ಏರಿಸಿದ ಸರ್ಕಾರದಲ್ಲಿದ್ದರು. ಎರಡು ವರ್ಷದ ಮೇಲೆ ಅವರ ನಾಯಕ ನಿಕ್ ಕ್ಲೆಗ್ ಕ್ಷಮೆ ಕೇಳಿದರೂ ಜನ ಮರೆಯಲಿಲ್ಲ.

ಆದರೆ ಇವು ಒಂದೇ ಬಗೆಯ ವಚನವಲ್ಲ. ಇಲ್ಲಿ ಮುರಿದದ್ದು ಜೊತೆಗಾರನಿಗೆ ಕೊಟ್ಟ ಮಾತು. ಅಲ್ಲಿ ಜೊತೆಗಾರನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಮತದಾರನಿಗೆ ಕೊಟ್ಟದ್ದನ್ನು ಮುರಿದರು. ಅದಕ್ಕೆ ವಚನಭ್ರಷ್ಟಕ್ಕಿಂತ ನಮ್ಮ ಅಜ್ಜಿಯರ ಗಾದೆಯೇ ಸರಿ: ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ. ಲೇಖನದಲ್ಲಿ ಇದನ್ನು ಹಾಕಿದರೆ ಸಂಪಾದಕರು ಬಿಡುತ್ತಾರೋ ಇಲ್ಲವೋ ಅನುಮಾನ. ಇನ್ನು ‘ಭ್ರಷ್ಟ’ ಎಂದರೆ ಜಾರಿ ಬಿದ್ದವನು, ಸ್ಥಾನಭ್ರಷ್ಟ ಎನ್ನುವ ಹಾಗೆ. ಈಗಿನ ಓದುಗರಿಗೆ ಅದು ಲಂಚದ ನೆನಪನ್ನೇ ತರುತ್ತದೆ, ಅದೂ ಒಂದು ಕಷ್ಟ.

ಸದ್ಯಕ್ಕೆ ನನ್ನ ಕೈಯಲ್ಲಿರುವುದು ‘ಹಂಗಿಗ’. ಹಂಗಿನಲ್ಲಿರುವವನು ಎಂಬರ್ಥದ ಹಳೆಯ ಪದ, ನಿಘಂಟಿನಲ್ಲಿ ಮಲಗಿದೆ. ‘ಹಂಗಿಗ ಪಕ್ಷ’ ಎಂದರೆ ಓದುಗರಿಗೆ ತಿಳಿದೀತೇ? ಹಳೆ ಮೈಸೂರಿನ ಕಡೆಯವರು ಅದನ್ನು ‘ಹಂಗೇ, ಹಿಂಗೇ’ಯ ಹಂಗು ಅಂದುಕೊಂಡು ನಗಬಹುದು. ಧಾರವಾಡ, ಬೆಳಗಾವಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ‘ಭಿಡೆ’ ಮುಲಾಜಿಗೆ ಹತ್ತಿರವೋ, ದಾಕ್ಷಿಣ್ಯಕ್ಕೋ? ‘ಭಿಡೇಕ್ಕ ಬಿದ್ದು ಕೂಡಿಕೊಂಡ ಪಕ್ಷ’ ಎಂದರೆ ನಿಮ್ಮಲ್ಲಿ ಸಹಜವಾಗಿ ಕೇಳುತ್ತದೆಯೇ? ಕರಾವಳಿಯಲ್ಲಿ ಬೇರೆ ಮಾತಿದ್ದರೆ ಅದೂ ಬೇಕು. ಶುಕ್ರವಾರ ಲೇಖನ ಕಳಿಸಬೇಕು.