ಅರ್ಧಕ್ಕೆ ಬಿಟ್ಟ ಬಿಎ ಈಗ ಮುಗಿಸಬಹುದಾ?

ಸಿಂಧನೂರಿನ ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪ ಹುಷಾರಿಲ್ಲದೆ ಮಲಗಿದಾಗ ಬಿಎ ಎರಡನೇ ವರ್ಷಕ್ಕೆ ಬಿಟ್ಟೆ, ಈಗ ವಯಸ್ಸು 31. ಸುಗ್ಗಿಯಲ್ಲಿ ಒಂದು ದಿನವೂ ರಜೆ ಇಲ್ಲ. ಕೆಲಸ ಬಿಡದೆ ಡಿಗ್ರಿ ಆಗುತ್ತಾ?

ಉತ್ತರ 1: ಖಂಡಿತ ಆಗುತ್ತದೆ. ನಾನು ಇಗ್ನೋದಲ್ಲಿ, ಅಂದರೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಕೇಂದ್ರದ ಮುಕ್ತ ವಿವಿಯಲ್ಲಿ, ಬಿಎ ಜನರಲ್ ಮಾಡಿದ್ದು. ಕನಿಷ್ಠ 3 ವರ್ಷ, ಬೇಕಿದ್ದರೆ 6 ವರ್ಷದವರೆಗೂ ಎಳೆಯಬಹುದು. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ, ಸುಗ್ಗಿ ಅಡ್ಡ ಬಂದರೆ ಮುಂದಿನ ಸಲ ಬರೆದರಾಯಿತು. ಒಂದೇ ಮಾತು, ಅಸೈನ್‌ಮೆಂಟಿಗೆ ಶೇ. 30 ಅಂಕ ಇದೆ, ನಾನು ಅದನ್ನು ಕೊಡದೆ ಸುಮ್ನೆ ಕೂತು ಒಂದು ವರ್ಷ ಕಳೆದುಕೊಂಡೆ, ನೀವು ಹಾಗೆ ಮಾಡಬೇಡಿ.

ಉತ್ತರ 2: ಕನ್ನಡದಲ್ಲೇ ಬರೆಯಬೇಕು ಅಂದ್ರೆ ಮೈಸೂರಿನ ಮುಕ್ತ ವಿವಿ ನೋಡಿ. ಯಾವುದೇ ಆದರೂ ಯುಜಿಸಿ (ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಕೇಂದ್ರದ ಆಯೋಗ) ಪಟ್ಟಿಯಲ್ಲಿ ಹೆಸರಿದೆಯಾ ಅಂತ ಮೊದಲು ನೋಡಿ, ಏಜೆಂಟ್ ಕೈಗೆ ದುಡ್ಡು ಕೊಡಬೇಡಿ. ಹಳೇ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದೀರಿ ಅಲ್ವಾ?

ಕೇಳಿದವರು: ಇದೆ, ಟ್ರಂಕಿನಲ್ಲಿ. ಸರ್ಕಾರಿ ಕೆಲಸಕ್ಕೆ ಈ ಡಿಗ್ರಿ ನಡೆಯುತ್ತಾ?

ಉತ್ತರ 2: ನಡೆಯುತ್ತದೆ. ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್‌ಗೆ ಸಮ ಅಂತ ಯುಜಿಸಿ 2022ರಲ್ಲೇ ಹೇಳಿದೆ.