ನಾಣಿ ಒತ್ತಿದ ಬಟನ್

ಕಾಫಿ ಅಂಗಡಿ ರಸ್ತೆಯ ಆಚೆ. ನಾವು ಮೂವರು ಈಚೆ. ನಡುವೆ ಬೆಂಗಳೂರಿನ ಸಂಜೆ ಆರು ಗಂಟೆ.

ನಾಣಿ ಸಿಗ್ನಲ್ ಕಂಬದ ಬಟನ್ ಒತ್ತುತ್ತಲೇ ಇದ್ದ. ಲಿಫ್ಟ್ ಬರದಿದ್ದಾಗ ಒತ್ತುತ್ತಾರಲ್ಲ, ಹಾಗೆ.

"ಒಂದ್ಸಲ ಸಾಕು ಮಾರಾಯ," ಎಂದ ಸೀನ. ಹಿಂದೆ ಸಿಗ್ನಲ್ ರಿಪೇರಿ ಕೆಲಸದಲ್ಲಿದ್ದವನು. "ನಿನ್ನ ಅರ್ಜಿ ಆ ಮೂಲೆಯ ಡಬ್ಬಿಯೊಳಗಿರೋ ಕಂಟ್ರೋಲರ್‌ಗೆ ಸೇರಿತು. ಹತ್ತು ಸಲ ಒತ್ತಿದರೂ ಅರ್ಜಿ ಒಂದೇ. ಹೋಟೆಲಲ್ಲಿ ಹತ್ತು ಸಲ ಕೂಗಿದರೆ ದೋಸೆ ಬೇಗ ಬೇಯುತ್ತಾ?"

"ಬೇಯಲ್ಲ. ಆದ್ರೆ ಮಾಣಿ ತಿರುಗಿ ನೋಡ್ತಾನೆ. ಇದು ನೋಡೋದೂ ಇಲ್ಲ!"

"ಗಾಡಿಗಳಿಗೆ ಇಷ್ಟು ಸೆಕೆಂಡು ಹಸಿರು ಅಂತ ಇರುತ್ತೆ. ಅದು ಮುಗೀಬೇಕು. ಆಮೇಲೆ ಹಳದಿ. ಆಮೇಲೆ ಒಂದೆರಡು ಸೆಕೆಂಡು ಎಲ್ಲರಿಗೂ ಕೆಂಪು."

"ನಮಗೂನಾ? ಅದ್ಯಾವ ನ್ಯಾಯ?"

"ಹಳದಿ ಕಂಡ ತಕ್ಷಣ ಆಕ್ಸಿಲರೇಟರ್ ತಿರುಗಿಸೋರು ಇರ್ತಾರಲ್ಲ, ಅವರು ದಾಟಿ ಹೋಗಲಿ ಅಂತ."

ನಾಣಿ ಸುಮ್ಮನಾದ. ಬೈಕ್ ಮೇಲೆ ಕೂತರೆ ಅವನೂ ಆ ಪೈಕಿಯೇ.

"ಆಮೇಲೆ ನಮಗೆ ಹಸಿರು," ಎಂದು ಸೀನ ಮುಂದುವರಿಸಿದ. "ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೀತಾನೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯೋದು. 12 ಮೀಟರ್ ರಸ್ತೆಗೆ 10 ಸೆಕೆಂಡು. ಹಸಿರು ಗೊಂಬೆ ಮಿನುಗೋಕೆ ಶುರುವಾದರೆ ನಡುವೆ ಇರೋರು ಬೇಗ ದಾಟಬೇಕು, ಹೊಸಬರು ಇಳೀಬಾರದು."

"ನನ್ನ ಮಂಡಿಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರಾ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ವಯಸ್ಸಾದವರಿಗೆ ಆ ವೇಗ ಜಾಸ್ತಿಯೇ ಆಯಿತು, ಅಲ್ವಾ?

ಸೀನ ಈಗ ನ್ಯೂಯಾರ್ಕಿಗೆ ಹಾರಿದ. "ಅಲ್ಲಿ ಸಿಗ್ನಲ್‌ಗಳನ್ನ ಕಂಪ್ಯೂಟರ್ ನೋಡಿಕೊಳ್ಳೋಕೆ ಶುರುವಾದ ಮೇಲೂ ಹಳೇ ಬಟನ್‌ಗಳು ಕಂಬದಲ್ಲೇ ಉಳಿದಿದ್ವು. 2004ರಲ್ಲಿ ಪೇಪರಲ್ಲಿ ಬಂತು, 2,500ಕ್ಕೂ ಜಾಸ್ತಿ ಬಟನ್ ಕೆಲಸಾನೇ ಮಾಡ್ತಿರಲಿಲ್ಲ. ಜನ ಪಾಪ, ಒತ್ತುತ್ತಲೇ ಇದ್ರು."

ನಾಣಿ ತನ್ನ ಬೆರಳನ್ನೇ ನೋಡಿಕೊಂಡ. "ಇದೂ ಆ ಥರದ್ದೇ ಇರಬೇಕು."

ಅಷ್ಟರಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ಬಂದರು. ಬಟನ್ ನೋಡಲಿಲ್ಲ, ಗೊಂಬೆ ನೋಡಲಿಲ್ಲ. ಬಲಗೈ ಅಡ್ಡ ಹಿಡಿದು ರಸ್ತೆಗೆ ಇಳಿದೇಬಿಟ್ಟರು. ಬಸ್ಸು ನಿಂತಿತು. ಆಟೋ ಕೂಡ ನಿಂತಿತು! ನಾವು ಮೂವರೂ ಅವರ ಸೆರಗಿನ ಹಿಂದೆ ಕುರಿಮರಿಗಳ ಹಾಗೆ ದಾಟಿದೆವು.

ಆಚೆ ಫುಟ್‌ಪಾತ್ ಹತ್ತುವ ಹೊತ್ತಿಗೆ ನಾಣಿಯ ಅರ್ಜಿ ಮಂಜೂರಾಯಿತು. ಗಾಡಿಗಳಿಗೆಲ್ಲ ಕೆಂಪು, ಖಾಲಿ ಜೀಬ್ರಾ ಪಟ್ಟಿಗೆ ಹಸಿರು.

"ಯಾರ್ರೀ ಒತ್ತಿದ್ದು?" ಎಂದು ಆಟೋದವನು ಕೂಗಿದ.

ನಾಣಿ ಎರಡೂ ಕೈ ಜೇಬಿಗೆ ಹಾಕಿಕೊಂಡು, "ಮೂರು ಕಾಫಿ ಕೊಡಿ," ಎಂದ. ಒಂದೇ ಸಲ.