ಬ್ರೆಜಿಲ್‌ನ ಸಾಂಬಾ ನೃತ್ಯ ಕಲಿಯಲು ಎಲ್ಲಿಂದ ಶುರು ಮಾಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಸಾವೊ ಪಾಲೊಗೆ ಬಂದು ಆರು ತಿಂಗಳಾಯಿತು. ಹೋದ ಶನಿವಾರ ಆಫೀಸಿನವರು ಒಂದು ಸಾಂಬಾ ಶಾಲೆಯ ರಿಹರ್ಸಲ್‌ಗೆ ಕರೆದುಕೊಂಡು ಹೋದರು. ಆ ಡ್ರಮ್ ಸದ್ದು ಎದೆಗೇ ಬಡಿಯುತ್ತದೆ! ಕಲಿಯಲೇಬೇಕು ಅನ್ನಿಸಿದೆ. ನನಗೆ 38 ವರ್ಷ, ಚಿಕ್ಕವಳಿದ್ದಾಗ ಏಳು ವರ್ಷ ಭರತನಾಟ್ಯ ಕಲಿತಿದ್ದೇನೆ. ಮನೆಯಲ್ಲಿ ವಿಡಿಯೋ ನೋಡಿಕೊಂಡು ಮಾಡಿದರೆ ಸೊಂಟ ಅಲ್ಲಾಡುವುದಿಲ್ಲ, ಮೊಣಕಾಲು ಮಾತ್ರ ನೋಯುತ್ತದೆ. ಏನು ಮಾಡಲಿ?

ಉತ್ತರ: ಅಕ್ಕಾ, ನಾನು ರಿಯೊದಲ್ಲಿ ನಾಲ್ಕು ವರ್ಷ ಇದ್ದೆ, ನನ್ನದೂ ಇದೇ ಕಥೆ. ಮೊದಲು ಸೊಂಟವನ್ನು ಮರೆತುಬಿಡಿ. ಸೊಂಟ ಅಲ್ಲಾಡಿಸುವುದಲ್ಲ, ಅದು ತಾನಾಗಿ ಅಲ್ಲಾಡುವುದು. ಒಂದು ಮೊಣಕಾಲು ಮಡಚಿದಾಗ ಇನ್ನೊಂದು ನೆಟ್ಟಗಾಗುತ್ತದೆ, ಮೈಭಾರ ಆ ಕಾಲಿನಿಂದ ಈ ಕಾಲಿಗೆ ಹೋಗುತ್ತದೆ, ಸೊಂಟ ಅದರ ಹಿಂದೆಯೇ ಬರುತ್ತದೆ. ಭರತನಾಟ್ಯದವರಿಗೆ ತೊಡಕಾಗುವುದು ಇಲ್ಲೇ. ಅರಮಂಡಿಯಲ್ಲಿ ಎರಡೂ ಮೊಣಕಾಲು ಸಮವಾಗಿ ಮಡಚಿ ಹೊರಗೆ ತಿರುಗಿರುತ್ತವೆ, ಸೊಂಟ ಕದಲಬಾರದು ಅಂತ ವರ್ಷಗಟ್ಟಲೆ ಅಭ್ಯಾಸ ಆಗಿರುತ್ತದೆ. ಇಲ್ಲಿ ಮೊಣಕಾಲು ಮುಂದಕ್ಕೆ ನೋಡಬೇಕು, ಒಂದಾದ ಮೇಲೆ ಒಂದು ಮಡಚಬೇಕು. ತಟ್ಟಡವಿನ ಹಾಗೆ ಇಡೀ ಪಾದ ನೆಲಕ್ಕೆ ಹೊಡೆಯಲೂಬೇಡಿ. ನೋವಿಗೆ ಅದೇ ಕಾರಣ ಇರಬಹುದು. ಭಾರ ಪಾದದ ಮುಂಭಾಗದ ಮೇಲಿರಲಿ.

ಹೆಜ್ಜೆ ಹೀಗೆ: ಬಲಗಾಲು ನಾಲ್ಕು ಬೆರಳಿನಷ್ಟು ಹಿಂದೆ, ಎಡಗಾಲು ಇದ್ದಲ್ಲೇ ಒಂದು ಒತ್ತು, ಬಲಗಾಲು ವಾಪಸ್ ಜಾಗಕ್ಕೆ. ಆಮೇಲೆ ಎಡಗಾಲು ಹಿಂದೆ. ಅಷ್ಟೇ. ಇದಕ್ಕೆ ಅಲ್ಲಿ 'ಸಾಂಬಾ ನು ಪೆ' ಅನ್ನುತ್ತಾರೆ, ಅಂದರೆ ಕಾಲಲ್ಲಿರುವ ಸಾಂಬಾ. ಅಡುಗೆಮನೆ ಕಟ್ಟೆ ಹಿಡಿದುಕೊಂಡು, ಹಾಡೇ ಇಲ್ಲದೆ, ಒಂದು ವಾರ ಇದನ್ನೇ ಮಾಡಿ. ಹೈ ಹೀಲ್ಸ್ ಈಗ ಬೇಡವೇ ಬೇಡ, ಚಪ್ಪಟೆ ಅಡಿಯ ಶೂ ಸಾಕು.

ಇನ್ನೊಂದು ಉತ್ತರ: ಕ್ಲಾಸಿಗೆ ಸೇರುವ ಮುಂಚೆ ಯಾವ ಸಾಂಬಾ ಅಂತ ಕೇಳಿ. ನಾನು ಬೆಂಗಳೂರಿನಲ್ಲಿ ಎರಡು ವರ್ಷ ಕಲಿತದ್ದು ಬಾಲ್‌ರೂಮ್ ಸಾಂಬಾ, ಚಾ ಚಾ ಚಾ, ರುಂಬಾ ಜೊತೆಗೆ ಸ್ಪರ್ಧೆಗಳಲ್ಲಿ ಇರುತ್ತದಲ್ಲ, ಅದು. ಬ್ರೆಜಿಲ್‌ಗೆ ಹೋದಾಗ ಅದು ಬೇರೆಯೇ ನೃತ್ಯ ಅಂತ ಗೊತ್ತಾಯಿತು. ಜೋಡಿಯಾಗಿ ಕುಣಿಯುವ ಆಸೆ ಇದ್ದರೆ 'ಸಾಂಬಾ ಜಿ ಗಾಫಿಯೇರಾ' ಅಂತ ಕೇಳಿ. ಸಾವೊ ಪಾಲೊದಲ್ಲಿ ಸಾಂಬಾ ರಾಕ್ ಕೂಡ ಇದೆ, ತಿರುಗು ಜಾಸ್ತಿ. ಹಾಗೆಯೇ ಸಾಂಬಾ ಶಾಲೆ ಅಂದರೆ ಪಾಠದ ಶಾಲೆ ಅಲ್ಲ. ಕಾರ್ನಿವಲ್ ಮೆರವಣಿಗೆಗೆ ವರ್ಷವಿಡೀ ತಯಾರಿ ಮಾಡುವ ಬಡಾವಣೆಯವರ ಸಂಘ ಅದು. ರಿಯೊದ ಮಾಂಗೇರಾದಂಥ ಶಾಲೆಗಳು 1928ರಿಂದ ಇವೆ. ಅಲ್ಲಿ ಪಕ್ಕದಲ್ಲಿ ನಿಂತು ನೋಡಿ ಕಲಿಯುವವರೇ ಹೆಚ್ಚು.

ಮತ್ತೊಂದು: ನಾನು ಮೃದಂಗ ನುಡಿಸುತ್ತೇನೆ, ಕುಣಿಯುವುದು ಆಮೇಲೆ ಬಂದದ್ದು. ಕಾಲಿಗಿಂತ ಮುಂಚೆ ಕಿವಿಗೆ ಅಭ್ಯಾಸ ಕೊಡಿ ಅಂತ ನನ್ನ ಸಲಹೆ. ಸಾಂಬಾ ಎರಡೆಣಿಕೆಯ ತಾಳ. ಸುರ್ದು ಅನ್ನುವ ದೊಡ್ಡ ಡ್ರಮ್ಮಿನಲ್ಲಿ ಜೋರಾದ ಏಟು ಎರಡನೆಯದು. ನಾವು ಸಮಕ್ಕೆ, ಅಂದರೆ ಮೊದಲ ಏಟಿಗೆ, ಒತ್ತು ಕೊಟ್ಟು ಬೆಳೆದವರು, ಅದಕ್ಕೇ ತಲೆ ಕೆಳಗಾದ ಹಾಗೆ ಕೇಳಿಸುತ್ತದೆ. ಸುಮ್ನೆ ಕೂತು ಎರಡನೇ ಏಟಿಗೆ ಮಾತ್ರ ತೊಡೆ ತಟ್ಟಿ. ಇನ್ನೊಂದು ವಿಷಯ. ಮೂರು ಹೆಜ್ಜೆ ಅಂದ ತಕ್ಷಣ ಬಾಯಿಗೆ 'ತಕಿಟ' ಬರುತ್ತದೆ, ಅಲ್ವಾ? ಶುರುವಿಗೆ ಪರವಾಗಿಲ್ಲ. ಆದರೆ ಅಳೆದಿಟ್ಟ ಹಾಗೆ ಸಮನಾದ ತಿಶ್ರ (ಮೂರೆಣಿಕೆ) ಮಾಡಿದರೆ ಆ ತೂಗಾಟ ಹೋಗಿಬಿಡುತ್ತದೆ. ಇದನ್ನು ಬರೆದು ತಿಳಿಸಲು ಆಗುವುದಿಲ್ಲ, ಪಾಂಡೇರು ಅನ್ನುವ ಕಂಜಿರದಂಥ ವಾದ್ಯ ನುಡಿಸುವವರ ಹೆಬ್ಬೆರಳು, ಬೆರಳ ತುದಿ, ಅಂಗೈ ಬುಡ ಒಂದಾದ ಮೇಲೊಂದು ಬೀಳುವುದನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ.

ಇನ್ನೊಬ್ಬರು: ರಜೆ ಸಿಕ್ಕರೆ ಬ್ರೆಜಿಲ್‌ನ ಬಹೀಯಾ ರಾಜ್ಯಕ್ಕೆ ಹೋಗಿ ಬನ್ನಿ. ಅಲ್ಲಿ ವೃತ್ತವಾಗಿ ನಿಂತು ಚಪ್ಪಾಳೆ ತಟ್ಟುತ್ತಾ ಆಡುವ ಸಾಂಬಾ ಇದೆ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು ಉಳಿಸಿಕೊಂಡು ಬಂದದ್ದು. 2008ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅಲ್ಲಿನ 'ಮಿಯುಜಿಂಯು' ಹೆಜ್ಜೆಯಲ್ಲಿ ಪಾದ ನೆಲ ಬಿಡುವುದೇ ಇಲ್ಲ, ಇಷ್ಟಿಷ್ಟೇ ಜಾರುತ್ತದೆ. ಮೊಣಕಾಲು ನೋವಿರುವವರು ಅದರಿಂದ ಶುರು ಮಾಡುವುದು ಒಳ್ಳೆಯದು. ನಾನು ನೋಡಿದಾಗ ಲಂಗದ ಕೆಳಗೆ ಕಾಲು ಕಾಣುತ್ತಲೇ ಇರಲಿಲ್ಲ, ಅಜ್ಜಿಯೊಬ್ಬರು ತೇಲಿಕೊಂಡು ಬಂದ ಹಾಗಿತ್ತು.

ಪ್ರಶ್ನೆ ಕೇಳಿದವಳು, ಮೂರು ವಾರದ ನಂತರ: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾದ ಹೊಡೆಯುವುದು ಬಿಟ್ಟ ಮೇಲೆ ನೋವು ಕಡಿಮೆಯಾಗಿದೆ. ನಿನ್ನೆ ಮತ್ತೆ ರಿಹರ್ಸಲ್‌ಗೆ ಹೋಗಿದ್ದೆ. ಗೋಡೆ ಪಕ್ಕ ನಿಂತು ಮಾಡುತ್ತಿದ್ದೆ. ಅರವತ್ತು ದಾಟಿದ ಒಬ್ಬ ಅಮ್ಮ ಬಂದು ನನ್ನ ಕಾಲನ್ನೇ ಸ್ವಲ್ಪ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟು ತಾಳ ತಟ್ಟತೊಡಗಿದರು, ಎರಡನೇ ಏಟು ಮಾತ್ರ. ಒಂದಿಡೀ ಹಾಡು ಹಾಗೆಯೇ ನಿಂತಿದ್ದರು. ಮುಂದಿನ ಶನಿವಾರವೂ ಬಾ ಅಂದಿದ್ದಾರೆ.